ಈಟ್ಯಾಬ್ಸ್ ಮಾಡೆಲ್‌ನ ದೋಷವನ್ನು ಮೆನುವಿನ ಜಾಡು ಹಿಡಿದು ಹುಡುಕುವ ಬಗೆ

ಕಟ್ಟಡಗಳ ರಚನೆಯ ವಿಶ್ಲೇಷಣೆಗೂ ವಿನ್ಯಾಸಕ್ಕೂ ಬಳಸುವ ಈಟ್ಯಾಬ್ಸ್ ತಂತ್ರಾಂಶದ ಮೇಲಂಚಿನಲ್ಲಿ ಮೆನುಗಳು ಎಡದಿಂದ ಬಲಕ್ಕೆ ಫೈಲ್, ಎಡಿಟ್, ವ್ಯೂ, ಡಿಫೈನ್, ಡ್ರಾ, ಸೆಲೆಕ್ಟ್, ಅಸೈನ್, ಅನಲೈಜ್, ಡಿಸ್‌ಪ್ಲೇ, ಡಿಸೈನ್ ಎಂಬ ಕ್ರಮದಲ್ಲಿವೆ. ಬಹುಮಹಡಿ ಕಟ್ಟಡವೊಂದರ ಕಾಂಕ್ರೀಟ್ ಚೌಕಟ್ಟನ್ನು ಮಾಡೆಲ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಸಾಗುತ್ತದೆ. ದೋಷ ಮಾತ್ರ ತಾನು ಹುಟ್ಟಿದ ಮೆನುವಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಡಿಫೈನ್‌ನಲ್ಲಿ ತಪ್ಪಿದ ಒಂದು ಅಂಕಿ ಡಿಸೈನ್‌ನಲ್ಲಿ ಬೀಮು ಅಥವಾ ಕಂಬ ಸಾಲದೆಂದು ಸೂಚಿಸುವ ಕೆಂಪು ಬಣ್ಣವಾಗಿ ಹೊರಬೀಳುತ್ತದೆ. ಡ್ರಾ ಮಾಡುವಾಗ ಉಳಿದ ಐದು ಮಿಲಿಮೀಟರ್ ಅಂತರ ಅನಲೈಜ್‌ನಲ್ಲಿ ಅಸ್ಥಿರತೆಯ ಎಚ್ಚರಿಕೆಯಾಗಿ ಎದುರಾಗುತ್ತದೆ. ಆದ್ದರಿಂದ ದೋಷ ಕಂಡ ಕಡೆಯೇ ಅದನ್ನು ಸರಿಪಡಿಸಲು ಹೊರಡದೆ, ಮೆನು ಪಟ್ಟಿಯಲ್ಲಿ ಬಲದಿಂದ ಎಡಕ್ಕೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುವುದು ಈ ಬರಹ ಸೂಚಿಸುವ ವಿಧಾನ. ಕಂಬದಲ್ಲಿ ಕಬ್ಬಿಣ ಸಾಲದೆಂದು ತೋರಿದೊಡನೆ ಕಂಬದ ಅಳತೆಯನ್ನೇ ಹೆಚ್ಚಿಸಿಬಿಡುವ ಅಭ್ಯಾಸ ಅನೇಕ ಕಚೇರಿಗಳಲ್ಲಿದೆ. ಅದರಿಂದ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಮೊದಲು ಕಾಗದದ ಮೇಲೆ ಒಂದು ಮೊತ್ತ

ಯಾವ ಮೆನುವನ್ನೂ ತೆರೆಯುವ ಮೊದಲು ಕಟ್ಟಡದ ಒಂದು ಮಹಡಿಯ ಭಾರವನ್ನು ಕೈಯಿಂದ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಮುಂದಿನ ತಪಾಸಣೆಗಳಲ್ಲಿ ಮುಖ್ಯವಾದವು ಈ ಮೊತ್ತವನ್ನೇ ಆಧರಿಸಿವೆ. ಉದಾಹರಣೆಗೆ, ಒಂದು ದಿಕ್ಕಿನಲ್ಲಿ 4 ಮೀಟರಿನ ಮೂರು ಅಂಕಣ (ಎರಡು ಕಂಬಗಳ ನಡುವಿನ ಅಂತರ), ಇನ್ನೊಂದು ದಿಕ್ಕಿನಲ್ಲಿ 5 ಮೀಟರಿನ ಎರಡು ಅಂಕಣ ಇರುವ, ತಲಾ 3 ಮೀಟರ್ ಎತ್ತರದ ನಾಲ್ಕು ಮಹಡಿಗಳ ಕಟ್ಟಡವನ್ನು ತೆಗೆದುಕೊಳ್ಳೋಣ. ಮಹಡಿಯ ವಿಸ್ತೀರ್ಣ 12 ಗುಣಿಸು 10, ಅಂದರೆ 120 ಚದರ ಮೀಟರ್. ಕಾಂಕ್ರೀಟಿನ ತೂಕ ಘನ ಮೀಟರಿಗೆ 25 ಕಿಲೋನ್ಯೂಟನ್ ಎಂದು ಹಿಡಿದರೆ 125 ಮಿಲಿಮೀಟರ್ ದಪ್ಪದ ಸ್ಲ್ಯಾಬ್ 375 ಕಿಲೋನ್ಯೂಟನ್ ಆಗುತ್ತದೆ. ಚದರ ಮೀಟರಿಗೆ 1 ಕಿಲೋನ್ಯೂಟನ್‌ನಂತೆ ನೆಲಹಾಸು 120 ಆಗುತ್ತದೆ. 230 ಗುಣಿಸು 450 ಮಿಲಿಮೀಟರಿನ ಬೀಮುಗಳು ಒಟ್ಟು 76 ಮೀಟರ್ ಇದ್ದು, ಸ್ಲ್ಯಾಬಿನ ಕೆಳಗೆ ಉಳಿಯುವ ಭಾಗ ಸುಮಾರು 142 ತೂಗುತ್ತದೆ. 300 ಗುಣಿಸು 450 ಅಳತೆಯ ಹನ್ನೆರಡು ಕಂಬಗಳು ಸುಮಾರು 121. ಸುತ್ತಲಿನ 44 ಮೀಟರ್ ಉದ್ದಕ್ಕೆ 230 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆ, ಬೀಮಿನ ಆಳ ಕಳೆದು 2.55 ಮೀಟರ್ ಎತ್ತರದಲ್ಲಿ, ಘನ ಮೀಟರಿಗೆ 20 ಕಿಲೋನ್ಯೂಟನ್‌ನಂತೆ ಸುಮಾರು 516. ಒಟ್ಟು ಸ್ಥಿರ ಭಾರ ಮಹಡಿಗೆ 1274 ಕಿಲೋನ್ಯೂಟನ್. ಚಲ ಭಾರ ಚದರ ಮೀಟರಿಗೆ 2ರಂತೆ 240.

ವಿಶ್ಲೇಷಣೆ ಮುಗಿದ ಮೇಲೆ ಡಿಸ್‌ಪ್ಲೇ ಮೆನುವಿನ ಶೋ ಟೇಬಲ್ಸ್‌ನಲ್ಲಿ ಬೇಸ್ ರಿಯಾಕ್ಷನ್ಸ್ ಕೋಷ್ಟಕವನ್ನು ತೆರೆದು, ಪ್ರತಿ ಲೋಡ್ ಪ್ಯಾಟರ್ನ್‌ನ (ಭಾರದ ಬಗೆಯ) ಬುಡದ ಲಂಬ ಪ್ರತಿಕ್ರಿಯೆಯನ್ನು, ಎಲ್ಲ ಮಹಡಿಗಳ ಇಂಥ ಮೊತ್ತಗಳನ್ನು ಕೂಡಿಸಿದ ಲೆಕ್ಕದೊಂದಿಗೆ ತಾಳೆ ನೋಡಬೇಕು. ಬೀಮ್ ಮತ್ತು ಸ್ಲ್ಯಾಬ್ ಸೇರುವ ಜಾಗವನ್ನು ಹೇಗೆ ಎಣಿಸಲಾಗಿದೆ ಎಂಬುದರ ಮೇಲೆ ನಾಲ್ಕೈದು ಶೇಕಡ ವ್ಯತ್ಯಾಸ ಬರುವುದು ಸಹಜ. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಮಾತ್ರ ದೋಷವೆಂದು ಪರಿಗಣಿಸಿ ಮುಂದುವರಿಯಬೇಕು.

ಅಸೈನ್ ಮಾಡಿದ್ದು ಹಿಡಿಯದಿದ್ದರೆ

ವಿಶ್ಲೇಷಣೆ ಮುಗಿದೊಡನೆ ತಂತ್ರಾಂಶ ಮಾಡೆಲ್‌ಗೆ ಬೀಗ ಹಾಕುತ್ತದೆ. ಆ ಸ್ಥಿತಿಯಲ್ಲಿ ಅಳತೆ, ಸಪೋರ್ಟ್, ಲೋಡ್ ಯಾವುದನ್ನೂ ಬದಲಿಸಲು ಬರುವುದಿಲ್ಲ, ಇದು ದೋಷವಲ್ಲ. ಟೂಲ್‌ಬಾರಿನ ಬೀಗದ ಗುರುತನ್ನು ಒತ್ತಿದರೆ ಮಾಡೆಲ್ ತೆರೆದುಕೊಳ್ಳುತ್ತದೆ, ಆದರೆ ಫಲಿತಾಂಶಗಳು ಅಳಿಸಿಹೋಗುತ್ತವೆ. ಹೋಲಿಕೆಗಾಗಿ ಹಳೆಯ ಫಲಿತಾಂಶ ಬೇಕಿದ್ದರೆ ಬೀಗ ತೆಗೆಯುವ ಮುನ್ನವೇ ಫೈಲ್ ಮೆನುವಿನ ಸೇವ್ ಆ್ಯಸ್ ಮೂಲಕ ಇನ್ನೊಂದು ಹೆಸರಿನ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಬೀಗವಿಲ್ಲದಿದ್ದರೂ ಅಸೈನ್ ಮಾಡಿದ್ದು ಎಲ್ಲ ಮಹಡಿಗಳಿಗೂ ತಲುಪದಿದ್ದರೆ, ಪರದೆಯ ಕೆಳಗೆ ಬಲತುದಿಯಲ್ಲಿರುವ ಸಣ್ಣ ಆಯ್ಕೆ ಪಟ್ಟಿಯನ್ನು ನೋಡಬೇಕು. ಅಲ್ಲಿ ಒನ್ ಸ್ಟೋರಿ, ಆಲ್ ಸ್ಟೋರೀಸ್, ಸಿಮಿಲರ್ ಸ್ಟೋರೀಸ್ ಎಂಬ ಮೂರು ಆಯ್ಕೆಗಳಿವೆ. ಪ್ಲ್ಯಾನ್ ನೋಟದಲ್ಲಿ ಬೀಮುಗಳನ್ನು ಆರಿಸಿ ಗೋಡೆಯ ಭಾರ ಕೊಡುವಾಗ ಇದು ಒನ್ ಸ್ಟೋರಿಯಲ್ಲಿದ್ದರೆ, ಭಾರ ಕಣ್ಣ ಮುಂದಿನ ಮಹಡಿಗೆ ಮಾತ್ರ ಸೇರುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಈ ದೋಷ ಕೊನೆಯವರೆಗೂ ಉಳಿದುಬಿಡುತ್ತದೆ. ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ: ಪಟ್ಟಿಯನ್ನು ಆಲ್ ಸ್ಟೋರೀಸ್‌ನಲ್ಲೇ ಇಟ್ಟು ಕೆಲಸ ಮಾಡಿದಾಗ ತಾರಸಿಯ ಬೀಮಿನ ಮೇಲೂ 2.55 ಮೀಟರ್ ಗೋಡೆ ಕೂರುತ್ತದೆ. ಅಸೈನ್ ಒತ್ತುವ ಮುನ್ನ ಕೆಳಗೆ ಎಡತುದಿಯಲ್ಲಿ ಎಷ್ಟು ಸದಸ್ಯಗಳು (ಬೀಮು, ಕಂಬ ಮುಂತಾದವು) ಆಯ್ಕೆಯಾಗಿವೆ ಎಂಬ ಎಣಿಕೆ ಕಾಣುತ್ತದೆ. ಹನ್ನೆರಡು ಕಂಬ ಎಂದು ನಾವು ತಿಳಿದಲ್ಲಿ ಆ ಎಣಿಕೆ ನಲವತ್ತೆಂಟು ತೋರಿಸಿದರೆ ಅಲ್ಲಿಯೇ ನಿಲ್ಲಬೇಕು. ಹಿಂದಿನ ಆಯ್ಕೆಯ ಉಳಿಕೆಗಳು ಬೇರೊಂದು ನೋಟದಲ್ಲಿ ಅಡಗಿರಬಹುದಾದ್ದರಿಂದ, ಪ್ರತಿ ಹೊಸ ಆಯ್ಕೆಯ ಮೊದಲು ಸೆಲೆಕ್ಟ್ ಮೆನುವಿನಿಂದ ಹಳೆಯದನ್ನು ತೆರವುಗೊಳಿಸುವುದು ಒಳ್ಳೆಯದು.

ಅಸ್ಥಿರತೆಯ ಎಚ್ಚರಿಕೆ ಬಂದಾಗ

ರಚನೆ ಅಸ್ಥಿರವಾಗಿದೆ ಅಥವಾ ಸಮೀಕರಣಗಳ ನಿಖರತೆ ಕಳೆದುಹೋಗಿದೆ ಎಂಬ ಸಂದೇಶ ಬಂದರೆ ಅದನ್ನು ಮುಚ್ಚಿ ಮುಂದೆ ಹೋಗಬಾರದು. ಅನಲೈಜ್ ಮೆನುವಿನಲ್ಲಿರುವ ಲಾಸ್ಟ್ ಅನಾಲಿಸಿಸ್ ರನ್ ಲಾಗ್ ತೆರೆದರೆ ಯಾವ ಜಾಯಿಂಟ್ (ಸದಸ್ಯಗಳು ಕೂಡುವ ಬಿಂದು), ಅದರ ಸ್ಥಾನ ಯಾವುದು, ಯಾವ ದಿಕ್ಕಿನ ಚಲನೆಯಲ್ಲಿ ತೊಂದರೆ, ಎಷ್ಟು ಅಂಕಿಗಳ ನಿಖರತೆ ಹೋಗಿದೆ ಎಂಬುದು ದಾಖಲಾಗಿರುತ್ತದೆ. ಗಣಕ ಇಂಥ ಲೆಕ್ಕಗಳನ್ನು ಸುಮಾರು 15 ಅಂಕಿಗಳ ನಿಖರತೆಯಲ್ಲಿ ಮಾಡುತ್ತದೆ. ಅಷ್ಟೂ ಅಂಕಿಗಳು ಹೋಗಿದ್ದರೆ ಆ ಜಾಯಿಂಟನ್ನು ಹಿಡಿದಿಡುವ ಬಿಗಿತ ಆ ದಿಕ್ಕಿನಲ್ಲಿ ಇಲ್ಲವೇ ಇಲ್ಲ ಎಂದರ್ಥ.

ದಿಕ್ಕು ಇಲ್ಲಿ ದೊಡ್ಡ ಸುಳಿವು. ತೊಂದರೆ ಯುಜೆಡ್‌ನಲ್ಲಿ, ಅಂದರೆ ಲಂಬ ಸ್ಥಾನಪಲ್ಲಟದಲ್ಲಿ ಇದ್ದರೆ, ಆ ಜಾಯಿಂಟಿನ ಕೆಳಗೆ ಕಂಬವಿಲ್ಲ, ಅಥವಾ ಅಲ್ಲಿ ಮೆಂಬ್ರೇನ್ ಎಂದು ವ್ಯಾಖ್ಯಾನಿಸಿದ ಸ್ಲ್ಯಾಬಿನ ಅಂಚು ಬೀಮಿಲ್ಲದೆ ನಿಂತಿದೆ. ಮೆಂಬ್ರೇನ್‌ಗೆ ತನ್ನ ಸಮತಲಕ್ಕೆ ಲಂಬವಾದ ಬಿಗಿತವಿಲ್ಲ. ಅದು ಭಾರವನ್ನು ಸುತ್ತಲಿನ ಬೀಮುಗಳಿಗೆ ಹಂಚಬಲ್ಲದು, ತಾನಾಗಿ ಬಾಗಿ ಹೊರಲಾರದು. ಬೀಮಿಲ್ಲದ ಬಾಲ್ಕನಿ ಅಥವಾ ಸಜ್ಜವನ್ನು ಮೆಂಬ್ರೇನ್ ಆಗಿ ಬರೆದಾಗ ಈ ಎಚ್ಚರಿಕೆ ಬರುತ್ತದೆ. ಡಿಫೈನ್ ಮೆನುವಿನಲ್ಲಿ ಆ ಭಾಗಕ್ಕೆ, ತಾನಾಗಿ ಬಾಗಿ ಭಾರ ಹೊರಬಲ್ಲ ಶೆಲ್ ಗುಣದ ಪ್ರತ್ಯೇಕ ಸ್ಲ್ಯಾಬ್ ವಿಭಾಗವನ್ನು ರಚಿಸಿ, ಅದನ್ನು ಪಕ್ಕದ ಸ್ಲ್ಯಾಬಿನೊಂದಿಗೆ ಹೇಗೆ ಜೋಡಿಸಲಾಗುತ್ತಿದೆ ಎಂಬುದನ್ನೂ ಯೋಚಿಸಬೇಕು. ಹೀಗೆ ಹೊರಚಾಚಿದ ಕ್ಯಾಂಟಿಲಿವರ್ ಸ್ಲ್ಯಾಬಿನ ಮೊಮೆಂಟನ್ನು (ಬಾಗಿಸುವ ಪರಿಣಾಮವನ್ನು) ಎದುರಿಸಲು ಒಳಗಿನ ಸ್ಲ್ಯಾಬ್ ಕೂಡ ಶೆಲ್ ಆಗಿರದಿದ್ದರೆ ಆ ಮೊಮೆಂಟ್ ಪೂರ್ತಿಯಾಗಿ ಅಂಚಿನ ಬೀಮಿನ ತಿರುಚುವಿಕೆಯಾಗಿ ಬದಲಾಗುತ್ತದೆ.

ತೊಂದರೆ ತಿರುಗುವಿಕೆಯಲ್ಲಿ, ಅಂದರೆ ಆರ್‌ಎಕ್ಸ್, ಆರ್‌ವೈ ಅಥವಾ ಆರ್‌ಜೆಡ್‌ನಲ್ಲಿದ್ದರೆ, ಅಸೈನ್ ಮೆನುವಿನ ಫ್ರೇಮ್ ವಿಭಾಗದಲ್ಲಿರುವ ರಿಲೀಸಸ್ (ಸದಸ್ಯದ ತುದಿಯ ಬಿಗಿ ಜೋಡಣೆಯನ್ನು ಬಿಡುಗಡೆ ಮಾಡುವ ಆಯ್ಕೆ) ಕಡೆ ನೋಡಬೇಕು. ಒಂದೇ ಸದಸ್ಯದ ಎರಡೂ ತುದಿಗಳಲ್ಲಿ ತಿರುಚುವಿಕೆಯನ್ನು ಬಿಡುಗಡೆ ಮಾಡುವಂಥ ಅಸಾಧ್ಯ ಸಂಯೋಜನೆಗಳನ್ನು ತಂತ್ರಾಂಶ ಒಪ್ಪುವುದಿಲ್ಲ. ಆದರೆ ಒಂದು ಜಾಯಿಂಟಿಗೆ ಸೇರುವ ಎಲ್ಲ ಬೀಮುಗಳ ತುದಿಗಳನ್ನೂ ಒಂದೊಂದಾಗಿ ಬಿಡುಗಡೆ ಮಾಡಿ, ಕಂಬದ ತುದಿಯನ್ನೂ ಬಿಡುಗಡೆ ಮಾಡಿದರೆ, ಪ್ರತಿ ಸದಸ್ಯವೂ ತನ್ನಷ್ಟಕ್ಕೆ ಸರಿಯಾಗಿದ್ದು ಜಾಯಿಂಟ್ ಮಾತ್ರ ಯಾರ ಹಿಡಿತವೂ ಇಲ್ಲದೆ ತಿರುಗುತ್ತದೆ. ಆರ್‌ಜೆಡ್ ಎಚ್ಚರಿಕೆ ಇದರದೇ ಒಂದು ರೂಪ: ಬುಡದಲ್ಲಿ ತಿರುಗಲು ಬಿಡುವ ಪಿನ್ ಸಪೋರ್ಟ್ ಕೊಟ್ಟು, ಮೇಲೆ ಬೀಮುಗಳ ಎರಡೂ ಅಕ್ಷದ ಮೊಮೆಂಟುಗಳನ್ನು ಬಿಡುಗಡೆ ಮಾಡಿದಾಗ ಕಂಬ ತನ್ನದೇ ಅಕ್ಷದ ಸುತ್ತ ಸುತ್ತಲು ಸ್ವತಂತ್ರವಾಗುತ್ತದೆ. ಉಪಬೀಮು ಮುಖ್ಯ ಬೀಮಿಗೆ ಸೇರುವಲ್ಲಿ ಪ್ರಧಾನ ಅಕ್ಷದ ಮೊಮೆಂಟನ್ನು ಮಾತ್ರ ಬಿಡುಗಡೆ ಮಾಡಿದರೆ ಸಾಕು. ಪೆಟ್ಟಿಗೆಯಲ್ಲಿ ಕಾಣುವ ಎಲ್ಲ ಚೌಕಗಳಿಗೂ ಗುರುತು ಹಾಕುವ ಅಗತ್ಯವಿಲ್ಲ.

ಯುಎಕ್ಸ್ ಅಥವಾ ಯುವೈ ದಿಕ್ಕಿನಲ್ಲಿ, ಅಂದರೆ ಅಡ್ಡ ಸ್ಥಾನಪಲ್ಲಟದಲ್ಲಿ ತೊಂದರೆ ಇದ್ದು ಲಾಗ್‌ನಲ್ಲಿ ಬುಡದ ಜಾಯಿಂಟ್ ಹೆಸರಿದ್ದರೆ ಸಪೋರ್ಟ್ ಕೊಡಲು ಬಿಟ್ಟುಹೋಗಿದೆ. ಪ್ಲಿಂತ್ ಮಟ್ಟವನ್ನು ನಂತರ ಸೇರಿಸಿದಾಗ, ಅಥವಾ ಇಳಿಜಾರು ನಿವೇಶನದಲ್ಲಿ ಕೆಲವು ಕಂಬಗಳ ಬುಡ ಬೇರೆ ಮಟ್ಟದಲ್ಲಿದ್ದಾಗ ಇದು ಸಾಮಾನ್ಯ. ಮೂರು ಆಯಾಮದ ನೋಟದಲ್ಲಿ ಸಪೋರ್ಟ್ ಗುರುತುಗಳನ್ನು ಎಣಿಸಿದರೆ ಸಿಗುತ್ತದೆ.

ಲಾಗ್ ಯಾವ ಜಾಯಿಂಟನ್ನೂ ಸ್ಪಷ್ಟವಾಗಿ ತೋರಿಸದಿದ್ದರೆ, ಅಥವಾ ಎಚ್ಚರಿಕೆಗಳ ರಾಶಿಯೇ ಇದ್ದರೆ, ಮೋಡಲ್ ಕೇಸ್ (ಕಟ್ಟಡದ ಸಹಜ ಕಂಪನದ ಬಗೆಗಳಾದ ಮೋಡ್‌ಗಳ ಲೆಕ್ಕ) ಒಂದನ್ನೇ ಓಡಿಸಿ ನೋಡುವುದು ಅತ್ಯಂತ ಫಲಕಾರಿ. ಡಿಸ್‌ಪ್ಲೇ ಮೆನುವಿನಲ್ಲಿ ವಿರೂಪಗೊಂಡ ಆಕಾರವನ್ನು ಮೊದಲ ಮೋಡ್‌ಗೆ ತೆರೆದು ಅನಿಮೇಷನ್ ಹಚ್ಚಿದರೆ, ಸಡಿಲವಾಗಿರುವ ಭಾಗ ಮಾತ್ರ ರೆಕ್ಕೆಯಂತೆ ಬಡಿದುಕೊಳ್ಳುತ್ತಿರುತ್ತದೆ, ಉಳಿದ ಕಟ್ಟಡ ನಿಶ್ಚಲವಾಗಿರುತ್ತದೆ. ಕಂಪನದ ಅವಧಿಯ ಅಂಕಿಯೂ ಸುಳಿವು ಕೊಡುತ್ತದೆ. ಭೂಕಂಪ ವಿನ್ಯಾಸದ ಭಾರತೀಯ ಸಂಹಿತೆಯಾದ ಐಎಸ್ 1893 ಭಾಗ 1, 2016ರ ಸೂತ್ರದ ಪ್ರಕಾರ 12 ಮೀಟರ್ ಎತ್ತರದ ಬರಿಯ ಕಾಂಕ್ರೀಟ್ ಚೌಕಟ್ಟಿನ ಅಂದಾಜು ಅವಧಿ ಸುಮಾರು 0.48 ಸೆಕೆಂಡು. ಬಿರುಕಿನಿಂದ ಬಿಗಿತ ಕುಗ್ಗುವುದನ್ನು ಎಣಿಸುವ ಗುಣಕಗಳನ್ನು ಸೇರಿಸಿದ ಮಾಡೆಲ್ ಇದಕ್ಕಿಂತ ಸಾಕಷ್ಟು ಹೆಚ್ಚು ತೋರಿಸಬಹುದು. ಆದರೆ ಮೊದಲ ಮೋಡ್ ಹತ್ತಿಪ್ಪತ್ತು ಸೆಕೆಂಡಿನಲ್ಲಿದ್ದರೆ ಅದು ಕಟ್ಟಡದ ಕಂಪನವಲ್ಲ, ತೂಗಾಡುವ ತುಂಡಿನದು.

ಹೀಗೆ ತೂಗಾಡುವ ತುಂಡು ಹೆಚ್ಚಾಗಿ ವಾಸ್ತುಶಿಲ್ಪಿಯ ಕ್ಯಾಡ್ ನಕ್ಷೆಯಿಂದ ಬಂದದ್ದಾಗಿರುತ್ತದೆ. ಬೀಮಿನ ತುದಿ ಕಂಬದ ಜಾಯಿಂಟಿನಿಂದ ಕೆಲವು ಮಿಲಿಮೀಟರ್ ಆಚೆ ನಿಂತಿರುತ್ತದೆ, ಕಣ್ಣಿಗೆ ಸೇರಿದಂತೆ ಕಾಣುತ್ತದೆ. ಅನಲೈಜ್ ಮೆನುವಿನ ಚೆಕ್ ಮಾಡೆಲ್ ಇದಕ್ಕಾಗಿಯೇ ಇದೆ. ಅದರಲ್ಲಿ ಹತ್ತಿರ ಬಿದ್ದ ಜಾಯಿಂಟುಗಳು, ಒಂದರ ಮೇಲೊಂದು ಬಿದ್ದ ಸದಸ್ಯಗಳು, ಎರಡು ಬಾರಿ ಎಣಿಸಿದ ಸ್ವಂತ ದ್ರವ್ಯರಾಶಿ ಇವೆಲ್ಲವನ್ನೂ ಹುಡುಕಿಸಬಹುದು. ಅಲ್ಲಿ ಕೊಡುವ ಉದ್ದದ ಮಿತಿ 1 ಮಿಲಿಮೀಟರ್ ಆಗಿದ್ದರೆ 5 ಮಿಲಿಮೀಟರಿನ ಅಂತರ ಸಿಗುವುದಿಲ್ಲ. ಮಿತಿಯನ್ನು ವಿಪರೀತ ಹೆಚ್ಚಿಸಿದರೆ ಉದ್ದೇಶಪೂರ್ವಕವಾಗಿ ಸರಿಸಿಟ್ಟ ಕಂಬಗಳೂ ದೋಷದ ಪಟ್ಟಿಗೆ ಸೇರುತ್ತವೆ. 10, ನಂತರ 25 ಮಿಲಿಮೀಟರ್ ಎಂದು ಹಂತಹಂತವಾಗಿ ಹೆಚ್ಚಿಸುತ್ತ ಪಟ್ಟಿಯನ್ನು ಓದಬೇಕು. ತಾನಾಗಿ ಸರಿಪಡಿಸುವ ಆಯ್ಕೆಯೂ ಅಲ್ಲೇ ಇದೆ. ಆದರೆ ಪಟ್ಟಿಯನ್ನು ಓದಿ, ಮಾಡೆಲ್‌ನ ನಕಲು ಇಟ್ಟುಕೊಂಡ ಬಳಿಕವಷ್ಟೇ ಅದಕ್ಕೆ ಗುರುತು ಹಾಕಬೇಕು.

ಇಂಥದೇ ಇನ್ನೊಂದು ತಂತ್ರಾಂಶವಾದ ಸ್ಟಾಡ್ ಪ್ರೋ ಬಳಸುವವರು ಇಲ್ಲಿ ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಅಸ್ಥಿರ ಜಾಯಿಂಟ್ ಸಿಕ್ಕಾಗ ಅದು ದುರ್ಬಲವಾದ ಸ್ಪ್ರಿಂಗ್ ಒಂದನ್ನು ತಾನೇ ಸೇರಿಸಿ, ಔಟ್‌ಪುಟ್ ಕಡತದಲ್ಲಿ ಎಚ್ಚರಿಕೆ ಬರೆದು, ವಿಶ್ಲೇಷಣೆಯನ್ನು ಮುಗಿಸಿಬಿಡುತ್ತದೆ. ಮುಗಿಯಿತು ಎಂಬ ಸಂದೇಶವನ್ನಷ್ಟೇ ನೋಡಿದವರಿಗೆ ಆ ಸ್ಪ್ರಿಂಗ್ ತಿಳಿಯುವುದೇ ಇಲ್ಲ.

ಪ್ರತಿಕ್ರಿಯೆ ತಾಳೆಯಾಗದಿದ್ದರೆ

ಇಲ್ಲಿ ವ್ಯತ್ಯಾಸದ ಗಾತ್ರವೇ ಕಾರಣವನ್ನು ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಸ್ಲ್ಯಾಬ್, ಬೀಮ್, ಕಂಬಗಳ ಸ್ವಂತ ತೂಕ ಮಹಡಿಗೆ 638 ಕಿಲೋನ್ಯೂಟನ್. ಒಟ್ಟು ಸ್ಥಿರ ಭಾರ ಮಹಡಿಗೆ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿದ್ದರೆ, ಡಿಫೈನ್ ಮೆನುವಿನ ಲೋಡ್ ಪ್ಯಾಟರ್ನ್ಸ್ ತೆರೆದು ಸೆಲ್ಫ್ ವೇಟ್ ಮಲ್ಟಿಪ್ಲೈಯರ್ ಅಂಕಣವನ್ನು ಓದಬೇಕು. ಡೆಡ್ ಪ್ಯಾಟರ್ನ್‌ಗೆ ಮಾತ್ರ 1 ಇರಬೇಕು; ನೆಲಹಾಸು, ಗೋಡೆ ಮುಂತಾದವಕ್ಕೆ ಸೊನ್ನೆ. ಎರಡನೆಯದಕ್ಕೂ 1 ಬಿದ್ದಿದ್ದರೆ ಇಡೀ ಕಟ್ಟಡದ ತೂಕ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸ 516ರ ಗುಣಕಗಳಲ್ಲಿ ಕಡಿಮೆಯಿದ್ದರೆ ಗೋಡೆಯ ಭಾರ ಕೆಲವು ಮಹಡಿಗಳನ್ನು ತಲುಪಿಲ್ಲ. ಅದೇ ಗುಣಕಗಳಲ್ಲಿ ಹೆಚ್ಚಿದ್ದರೆ, ಭಾರ ಕೊಡುವ ಪೆಟ್ಟಿಗೆಯಲ್ಲಿ ಇರುವುದಕ್ಕೆ ಬದಲಿಸುವ ಆಯ್ಕೆಯ ಜಾಗದಲ್ಲಿ ಇರುವುದಕ್ಕೆ ಸೇರಿಸುವ ಆಯ್ಕೆ ಬಿದ್ದು, ಗುಂಡಿಯನ್ನು ಮತ್ತೊಮ್ಮೆ ಒತ್ತಲಾಗಿದೆ.

ವ್ಯತ್ಯಾಸ ಸಾವಿರ ಪಟ್ಟಿನಲ್ಲಿದ್ದರೆ ಅದು ಏಕಮಾನದ ತಪ್ಪು. ಇದರಲ್ಲಿ ಮೋಸಗೊಳಿಸುವ ಒಂದು ಸಂಗತಿಯಿದೆ. ಮೀಟರಿಗೆ ಇಷ್ಟು ಕಿಲೋನ್ಯೂಟನ್ ಎಂಬುದೂ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬುದೂ ಒಂದೇ ಅಂಕಿ. ಆದ್ದರಿಂದ ಬೀಮಿನ ಮೇಲಿನ ಗೋಡೆಯ ಭಾರ 11.7 ಎಂದು ಯಾವ ಏಕಮಾನದಲ್ಲಿ ಬರೆದರೂ ಸರಿಯಾಗಿಯೇ ಬರುತ್ತದೆ. ಸ್ಲ್ಯಾಬಿನ ಮೇಲಿನ ಭಾರ ಹಾಗಲ್ಲ: ಚದರ ಮಿಲಿಮೀಟರಿಗೆ 2 ನ್ಯೂಟನ್ ಎಂದರೆ ಚದರ ಮೀಟರಿಗೆ 2000 ಕಿಲೋನ್ಯೂಟನ್. ಗೋಡೆ ಸರಿಯಿದ್ದು ಚಲ ಭಾರ ಮಾತ್ರ ಕೆಟ್ಟಿದ್ದರೆ ಏಕಮಾನವನ್ನೇ ಶಂಕಿಸಬೇಕು.

ಭೂಕಂಪದ ಬಲ ಮತ್ತು ಪಾರ್ಶ್ವ ಚಲನೆ

ಲಂಬ ಪ್ರತಿಕ್ರಿಯೆ ತಾಳೆಯಾಗಿ, ಬೇಸ್ ಶಿಯರ್ (ಬುಡದಲ್ಲಿ ಭೂಕಂಪದ ಒಟ್ಟು ಅಡ್ಡ ಬಲ) ಮಾತ್ರ ಹೆಚ್ಚಿದ್ದರೆ ಡಿಫೈನ್ ಮೆನುವಿನಲ್ಲಿ, ಕಟ್ಟಡದ ದ್ರವ್ಯರಾಶಿಯನ್ನು ಯಾವುದರಿಂದ ಎಣಿಸಬೇಕೆಂದು ಹೇಳುವ ಮಾಸ್ ಸೋರ್ಸ್ ತೆರೆಯಬೇಕು. ಸದಸ್ಯಗಳ ಸ್ವಂತ ದ್ರವ್ಯರಾಶಿಗೂ ಗುರುತು ಹಾಕಿ, ಲೋಡ್ ಪ್ಯಾಟರ್ನ್‌ಗಳ ಪಟ್ಟಿಯಲ್ಲಿ ಡೆಡ್ ಅನ್ನೂ ಸೇರಿಸಿದರೆ ಸ್ವಂತ ತೂಕ ಎರಡು ಬಾರಿ ದ್ರವ್ಯರಾಶಿಯಾಗುತ್ತದೆ. ಇದು ಬೇಸ್ ರಿಯಾಕ್ಷನ್ಸ್‌ನ ಲಂಬ ಅಂಕಣದಲ್ಲಿ ಕಾಣುವುದೇ ಇಲ್ಲವಾದ್ದರಿಂದ ಪ್ರತ್ಯೇಕವಾಗಿಯೇ ನೋಡಬೇಕು. ದ್ರವ್ಯರಾಶಿಗೆ ಸೇರಿಸುವ ಚಲ ಭಾರದ ಪಾಲು, ಚದರ ಮೀಟರಿಗೆ 3 ಕಿಲೋನ್ಯೂಟನ್‌ವರೆಗೆ 0.25, ಅದಕ್ಕಿಂತ ಹೆಚ್ಚಿದ್ದರೆ 0.5 ಎಂಬುದು ಐಎಸ್ 1893ರ 2016ರ ಸಂಹಿತೆಯ ನಿಯಮ. ತಾರಸಿಯ ಚಲ ಭಾರವನ್ನು ಎಣಿಸಬೇಕಿಲ್ಲ.

ರೆಸ್ಪಾನ್ಸ್ ಸ್ಪೆಕ್ಟ್ರಮ್ (ಪ್ರತಿ ಮೋಡ್‌ನ ಅವಧಿಗೆ ತಕ್ಕಂತೆ ಭೂಕಂಪದ ಬಲವನ್ನು ಎಣಿಸುವ ವಿಧಾನ) ಬಳಸಿದಾಗ ಬೇಸ್ ಶಿಯರ್ ಬಹುತೇಕ ಸೊನ್ನೆಯಾಗಿ ಬಂದರೆ ಸ್ಕೇಲ್ ಫ್ಯಾಕ್ಟರ್ ನೋಡಬೇಕು. ಫಂಕ್ಷನ್‌ನಲ್ಲಿ ವಲಯ ಗುಣಾಂಕ ಆಗಲೇ ಸೇರಿದ್ದರೆ, ಪ್ರಾಮುಖ್ಯ ಗುಣಾಂಕ 1 ಮತ್ತು ಆರ್ (ಭೂಕಂಪದ ಬಲವನ್ನು ಇಳಿಸುವ ಗುಣಾಂಕ) 5 ಇರುವ ಚೌಕಟ್ಟಿಗೆ ಈ ಅಂಕಿ ಮೀಟರ್ ಏಕಮಾನದಲ್ಲಿ 0.981, ಮಿಲಿಮೀಟರಿನಲ್ಲಿ ಸುಮಾರು 981. ಮಿಲಿಮೀಟರಿನ ಪೆಟ್ಟಿಗೆಯಲ್ಲಿ 0.981 ಬರೆದರೆ ಭೂಕಂಪ ಸಾವಿರದಲ್ಲೊಂದು ಪಾಲಾಗುತ್ತದೆ. ಮೋಡಲ್ ಮಾಸ್ ಕೋಷ್ಟಕದಲ್ಲಿ ಒಟ್ಟು ಪಾಲು 90 ಶೇಕಡ ಮುಟ್ಟದಿದ್ದರೆ ಡಿಫೈನ್‌ನ ಮೋಡಲ್ ಕೇಸಸ್‌ನಲ್ಲಿ ಮೋಡ್‌ಗಳ ಸಂಖ್ಯೆ ಹೆಚ್ಚಿಸಬೇಕು; ಎಷ್ಟು ಹೆಚ್ಚಿಸಿದರೂ ಮುಟ್ಟದಿದ್ದರೆ ಮೋಡ್‌ಗಳನ್ನು ಸಡಿಲ ತುಂಡುಗಳು ತಿನ್ನುತ್ತಿವೆಯೇ ಎಂದು ಹಿಂದಿನ ತಪಾಸಣೆಗೆ ಮರಳಬೇಕು.

ಮಹಡಿಯ ಪಾರ್ಶ್ವ ಚಲನೆ, ಎತ್ತರದ 0.004 ಪಾಲಿನ ಮಿತಿಯನ್ನು ವಿಪರೀತವಾಗಿ ಮೀರುವುದು ಇನ್ನೊಂದು ಸಾಮಾನ್ಯ ದೂರು, ಮತ್ತು ಇದರ ಕಾರಣ ಬಹಳ ಜನರಿಗೆ ಹೊಳೆಯುವುದಿಲ್ಲ. ಅದೇ ಸಂಹಿತೆಯ ಪ್ರಕಾರ, ಬಿರುಕನ್ನು ಗಣಿಸಲು, ಜಡತ್ವ ಮಹತ್ವವನ್ನು (ಬಾಗದಂತೆ ತಡೆಯುವ ಬಿಗಿತದ ಅಳತೆಯನ್ನು) ಬೀಮುಗಳಿಗೆ 35 ಶೇಕಡ, ಕಂಬಗಳಿಗೆ 70 ಶೇಕಡ ಎಂದು ಹಿಡಿಯಬೇಕು. ಈ ಗುಣಕವನ್ನು ಡಿಫೈನ್ ಮೆನುವಿನ ಸೆಕ್ಷನ್ ಪ್ರಾಪರ್ಟಿಯಲ್ಲೂ ಕೊಡಬಹುದು, ಅಸೈನ್ ಮೆನುವಿನ ಪ್ರಾಪರ್ಟಿ ಮಾಡಿಫೈಯರ್ಸ್‌ನಲ್ಲೂ ಕೊಡಬಹುದು. ಎರಡೂ ಕಡೆ ಕೊಟ್ಟರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲ, ಎರಡೂ ಗುಣಿಸಿಕೊಳ್ಳುತ್ತವೆ: ಬೀಮಿಗೆ 0.1225, ಕಂಬಕ್ಕೆ 0.49. ಒಬ್ಬರು ಶುರು ಮಾಡಿದ ಮಾಡೆಲನ್ನು ಮತ್ತೊಬ್ಬರು ಮುಂದುವರಿಸಿದಾಗ ಇದು ಸಂಭವಿಸುವುದು ಹೆಚ್ಚು. ಯಾವ ಮೆನುವೂ ಈ ಗುಣಲಬ್ಧವನ್ನು ಎದ್ದುಕಾಣುವಂತೆ ತೋರಿಸದ ಕಾರಣ, ಎರಡೂ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿ ತೆರೆದೇ ಹೋಲಿಸಬೇಕು, ಮತ್ತು ಕಚೇರಿಯಲ್ಲಿ ಯಾವ ಕಡೆ ಕೊಡುವುದೆಂದು ಒಂದು ಪದ್ಧತಿ ಮಾಡಿಕೊಳ್ಳಬೇಕು.

ಎಕ್ಸ್‌ಪಾನ್ಶನ್ ಜಾಯಿಂಟ್‌ನಿಂದ ಬೇರ್ಪಟ್ಟ ಎರಡು ಭಾಗಗಳು ಒಂದೇ ಪ್ರಮಾಣದಲ್ಲಿ ಒಟ್ಟಿಗೆ ಸರಿಯುತ್ತಿದ್ದರೆ ಎರಡಕ್ಕೂ ಡಿ1 ಎಂಬ ಒಂದೇ ರಿಜಿಡ್ ಡಯಾಫ್ರಮ್ (ಮಹಡಿಯ ಬಿಂದುಗಳೆಲ್ಲ ಒಟ್ಟಿಗೆ ಸರಿಯುವಂತೆ ಕಟ್ಟಿಡುವ ವ್ಯವಸ್ಥೆ) ಕೊಟ್ಟಿರುತ್ತಾರೆ. ಎರಡನೆಯ ಭಾಗಕ್ಕೆ ಡಿ2 ಕೊಡಬೇಕು.

ಡಿಸೈನ್‌ನಲ್ಲಿ ಕೆಂಪು

ಇಷ್ಟೆಲ್ಲ ತಾಳೆಯಾದ ಮೇಲೂ ಕೆಂಪು ಉಳಿದರೆ ಮಾತ್ರ ಅದು ನಿಜವಾದ ವಿನ್ಯಾಸದ ಪ್ರಶ್ನೆ. ಆಗಲೂ ಮೊದಲು ಕಾಂಕ್ರೀಟ್ ಫ್ರೇಮ್ ಡಿಸೈನ್‌ನ ಪ್ರಿಫರೆನ್ಸಸ್‌ನಲ್ಲಿ ಕಾಂಕ್ರೀಟ್ ವಿನ್ಯಾಸದ ಭಾರತೀಯ ಸಂಹಿತೆ ಐಎಸ್ 456:2000 ಆಯ್ಕೆಯಾಗಿದೆಯೇ, ಡಿಸೈನ್ ಕಾಂಬಿನೇಷನ್‌ಗಳಲ್ಲಿ 1.5 ಪಟ್ಟಿನ ಸ್ಥಿರ ಮತ್ತು ಚಲ, 1.2 ಪಟ್ಟಿನ ಸ್ಥಿರ, ಚಲ, ಭೂಕಂಪ ಮೂರೂ ಸೇರಿದ್ದು, 1.5 ಪಟ್ಟಿನ ಸ್ಥಿರ ಮತ್ತು ಭೂಕಂಪ, 0.9 ಸ್ಥಿರದೊಂದಿಗೆ 1.5 ಭೂಕಂಪ ಇವೆಲ್ಲ ಇವೆಯೇ ಎಂದು ನೋಡಬೇಕು. ಲೋಡ್ ಪ್ಯಾಟರ್ನ್‌ನ ಬಗೆಯನ್ನು ತಪ್ಪಾಗಿ ನಮೂದಿಸಿದ್ದರೆ ತಂತ್ರಾಂಶ ತಾನಾಗಿ ರಚಿಸುವ ಕಾಂಬಿನೇಷನ್‌ಗಳಲ್ಲಿ ಭೂಕಂಪ ಬಿಟ್ಟುಹೋಗುತ್ತದೆ. ಆಗ ಕೆಂಪೇ ಬರುವುದಿಲ್ಲ, ಎಲ್ಲವೂ ಹಸನಾಗಿ ಕಾಣುತ್ತದೆ; ಕೆಂಪಿಗಿಂತ ಇದು ಹೆಚ್ಚು ಅಪಾಯಕಾರಿ. ಕಂಬದಲ್ಲಿ ಕಬ್ಬಿಣದ ವಿಸ್ತೀರ್ಣದ ಬದಲು ಅನುಪಾತ ಕಾಣುತ್ತಿದ್ದರೆ ಸೆಕ್ಷನ್‌ನ ಕಬ್ಬಿಣದ ವಿವರ ಪರಿಶೀಲನೆಗೆಂದು ಗುರುತಾಗಿದೆ, ವಿನ್ಯಾಸಕ್ಕೆಂದು ಬದಲಿಸಬೇಕು. ಐಎಸ್ 456 ಕಂಬಕ್ಕೆ ಗರಿಷ್ಠ 6 ಶೇಕಡ ಕಬ್ಬಿಣವನ್ನು ಅನುಮತಿಸಿದರೂ, ಸರಳುಗಳನ್ನು ಅತಿಕ್ರಮಿಸಿ ಜೋಡಿಸುವ ಕಡೆ ಇಕ್ಕಟ್ಟಾಗುವುದರಿಂದ 4 ಶೇಕಡ ದಾಟದಿರುವುದು ಒಳಿತೆಂದು ಅದೇ ಸಂಹಿತೆ ಸೂಚಿಸುತ್ತದೆ. 4ಕ್ಕೂ 6ಕ್ಕೂ ನಡುವೆ ನಿಂತ ಕಂಬ ಪರದೆಯಲ್ಲಿ ಕೆಂಪಾಗದಿದ್ದರೂ ಅಳತೆ ಹೆಚ್ಚಿಸಲು ಅರ್ಹ.

ದೋಷ ಎಲ್ಲೂ ಸಿಗದಿದ್ದಾಗ

ಮಾಡೆಲ್‌ನ ನಕಲೊಂದನ್ನು ತೆಗೆದುಕೊಂಡು ಅದರಲ್ಲಿ ಮೇಲಿನ ಅರ್ಧ ಮಹಡಿಗಳನ್ನು ಅಳಿಸಿ ಓಡಿಸಬೇಕು. ಎಚ್ಚರಿಕೆ ಉಳಿದರೆ ದೋಷ ಕೆಳಗಿದೆ, ಹೋದರೆ ಮೇಲಿದೆ. ಹೀಗೆ ಅರ್ಧ ಮಾಡುತ್ತ ಹೋದರೆ ಒಂದು ಮಹಡಿಗೆ, ಕೊನೆಗೆ ಕೆಲವು ಸದಸ್ಯಗಳಿಗೆ ಹುಡುಕಾಟ ಇಳಿಯುತ್ತದೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಮಾಡೆಲನ್ನು ಪಠ್ಯ ಕಡತವಾಗಿ ಹೊರತೆಗೆದು, ಕೊನೆಯದಾಗಿ ಸರಿಯಿದ್ದ ಪ್ರತಿಯ ಪಠ್ಯದೊಂದಿಗೆ ಸಾಲುಸಾಲಾಗಿ ಹೋಲಿಸಿದರೆ ನಡುವೆ ಏನು ಬದಲಾಯಿತೆಂಬುದು ತಿಳಿಯುತ್ತದೆ. ಹಿರಿಯ ಎಂಜಿನಿಯರರ ನೆರವು ಕೇಳುವುದಾದರೆ ಪರದೆಯ ಚಿತ್ರವನ್ನಷ್ಟೇ ಕಳುಹಿಸದೆ, ಈ ಪಠ್ಯ ಕಡತ, ರನ್ ಲಾಗ್, ಬೇಸ್ ರಿಯಾಕ್ಷನ್ಸ್ ಕೋಷ್ಟಕ ಮತ್ತು ಕೈಯಿಂದ ಮಾಡಿದ ಭಾರದ ಲೆಕ್ಕದ ಹಾಳೆ ಈ ನಾಲ್ಕನ್ನೂ ಒಟ್ಟಿಗೆ ಕೊಡಬೇಕು.